ಹಸಿರು ಜೇಡಿ

ಆ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಏಡಿ ತೊಳೆದ ನೀರನ್ನು ಯಾರಾದರೂ ಒಳಗೆ ಕಾಲಿಡುವ ಮೊದಲೇ ಚೆಲ್ಲಿಬಿಡಬೇಕು. ಬೇರೆಯವರ ಮನೆಗಳಲ್ಲಿ ನೆಂಟರು ಬರುತ್ತಾರೆಂದರೆ ಚಾಪೆ ಕೊಡವುತ್ತಾರೆ, ಲೋಟ ಬೆಳಗುತ್ತಾರೆ. ಇಲ್ಲಿ ಮಾತ್ರ ಬೋಗುಣಿ ಎತ್ತಿಕೊಂಡು ಬಚ್ಚಲಿಗೆ ಓಡಬೇಕು. ಹೊಂಡದ ಗೋಡೆಯಲ್ಲಿ ಕಲ್ಲಾಗಿ ಕೂತ ಏಡಿ, ಕಲ್ಲೇಡಿ, ಹುಡುಕುವ ಜನಕ್ಕೆ ನೀರಿನ ತಳದಲ್ಲಿ ನಿಂತ ಜೇಡಿ ಒಂದು ಚಿಟಿಕೆ ಸಿಕ್ಕರೆ ಸಾಕು, ಏಡಿ ಯಾವ ಗೋಡೆಯದು, ಎಷ್ಟು ಆಳದ್ದು ಎಂದು ಹೇಳಿಬಿಡುತ್ತಾರೆ. ಬಾಯಿ ಬಿಡದ ಗುಟ್ಟನ್ನು ಬೋಗುಣಿ ಬಿಟ್ಟುಕೊಡುತ್ತದೆ.

ಸೂಜಿಯಕ್ಕ ಹನ್ನೊಂದು ವರ್ಷ ಈ ಕಟ್ಟಳೆ ಮೀರಿದವಳಲ್ಲ. ಆ ಶನಿವಾರ ಸಂಜೆ ಮೀರಿದಳು. ಮರೆವಿನಿಂದಲ್ಲ, ಬೇಕೆಂದೇ.

ಜಾಗದ ಕಥೆ ಮೊದಲು ಹೇಳಿಬಿಡುತ್ತೇನೆ. ಊರಂಚಿನ ಇಟ್ಟಿಗೆ ಕಾರ್ಖಾನೆಯವರು ಅರವತ್ತು ವರ್ಷ ಅಗೆದು ಅಗೆದು ಮಾಡಿದ ಹೊಂಡ ಅದು. ಹೊಂಡವೆಂದರೆ ಹಿತ್ತಿಲ ಗುಂಡಿಯಲ್ಲ. ಈ ದಡದಲ್ಲಿ ನಿಂತು ಕೂಗಿದರೆ ಆ ದಡದವನಿಗೆ ಕೂಗಿದ್ದು ಕೇಳಿಸುತ್ತದೆ, ಕರೆದದ್ದೋ ಬೈದದ್ದೋ ತಿಳಿಯುವುದಿಲ್ಲ. ಸುತ್ತಲೂ ಮೂರಾಳೆತ್ತರದ ಜೇಡಿಮಣ್ಣಿನ ಗೋಡೆ, ನಡುವೆ ಪಾಚಿ ಕಟ್ಟಿದ ಮಡು. ಕಾರ್ಖಾನೆ ಮುಚ್ಚಿ ಎಷ್ಟೋ ಕಾಲವಾಗಿತ್ತು. ಮನುಷ್ಯ ಹುಟ್ಟುವುದಕ್ಕೂ ಬಹಳ ಹಿಂದೆ ಅಲ್ಲಿ ಸಮುದ್ರವಿತ್ತಂತೆ. ಅದರ ತಳದ ಕೆಸರಿನಲ್ಲಿ ಏಡಿಗಳು ಹೂತು, ಕೆಸರು ಜೇಡಿಯಾಗಿ, ಏಡಿ ಕಲ್ಲಾಗಿ, ಒಂದೊಂದರ ಸುತ್ತಲೂ ಗಟ್ಟಿ ಉಂಡೆ ಕಟ್ಟಿಕೊಂಡು ಕೂತಿದ್ದವು. ಪ್ರತಿ ಮಳೆಗೂ ಗೋಡೆ ಒಂದಿಷ್ಟು ಕರಗಿ ಉಂಡೆಗಳು ಕೆಳಗೆ ಉದುರುತ್ತಿದ್ದವು. ಹತ್ತು ಉಂಡೆ ಒಡೆದರೆ ಒಂದರಲ್ಲಿ ಏಡಿ, ಮಿಕ್ಕ ಒಂಬತ್ತರಲ್ಲಿ ಬರೀ ಮಣ್ಣು.

ಕಂಪನಿಯವರು ಗೇಟಿನ ಮೇಲೆ ಬೋರ್ಡು ಹಾಕಿದ್ದರು. ತಾನಾಗಿ ಬಿದ್ದದ್ದನ್ನು ಆಯ್ದುಕೊಳ್ಳಬಹುದು, ಗೋಡೆಗೆ ಗುದ್ದಲಿ ತಾಗಿಸುವಂತಿಲ್ಲ. ಜೇಡಿಗೋಡೆ ನಂಬಿಕೆಗೆ ಯೋಗ್ಯವಲ್ಲ, ಒಣಗಿದಾಗ ಬಂಡೆಯ ಹಾಗೆ ನಿಂತು ನೆನೆದಾಗ ಸದ್ದಿಲ್ಲದೆ ಕೂತುಬಿಡುತ್ತದೆ. ಈ ನಿಯಮ ಕಾಯಲೆಂದೇ ಒಬ್ಬ ಕಾವಲುಗಾರನನ್ನು ಇಟ್ಟು, ಹೊಂಡದ ಪಕ್ಕದಲ್ಲಿ ಎರಡು ಕೋಣೆಯ ಮನೆಯನ್ನೂ ಕೊಟ್ಟಿದ್ದರು. ಆ ಕಾವಲುಗಾರ ಸೂಜಿಯಕ್ಕನ ಗಂಡ.

ಅವಳಿಗೆ ಆ ಹೆಸರು ಬಂದದ್ದು ಕೈಕೆಲಸದಿಂದ. ಕಿಟಕಿಯ ಹತ್ತಿರ ಒಂದು ಮೇಜು, ಮೇಜಿನ ಮೇಲೆ ಮರಳು ತುಂಬಿದ ಚೀಲ, ಚೀಲದ ಮೇಲೆ ಏಡಿ. ಹೊಲಿಗೆ ಯಂತ್ರದ ಸೂಜಿಗಳನ್ನು ಕಡ್ಡಿಗೆ ಸಿಕ್ಕಿಸಿ, ಕಾಲಿನ ಸಂದಿನಿಂದ, ಕಣ್ಣಿನ ಗುಳಿಯಿಂದ ಜೇಡಿಯನ್ನು ಒಂದೊಂದೇ ಕಣವಾಗಿ ಬಿಡಿಸುತ್ತಿದ್ದಳು. ಒಂದು ಏಡಿಗೆ ಎಂಟು ದಿನ ಹಿಡಿಯುತ್ತಿತ್ತು. ಬೆನ್ನಿನ ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ಹಿಂದಕ್ಕೆ ಎದ್ದಿದ್ದರೆ ಅದು ಏಡಿ ಪೊರೆ ಕಳಚಿ ಬಿಟ್ಟುಹೋದ ಚಿಪ್ಪು. ಮುಚ್ಚಿಕೊಂಡಿದ್ದರೆ ಏಡಿ ಅಲ್ಲೇ ಸತ್ತದ್ದು. ನೋಡಿದ ಕೂಡಲೇ ಅವಳಿಗೆ ಗೊತ್ತಾಗುತ್ತಿತ್ತು.

"ಈ ಮಹಾಶಯ ಸತ್ತಿಲ್ಲ ಕಣಕ್ಕ, ಬಟ್ಟೆ ಬದಲಾಯಿಸಿ ಎದ್ದು ಹೋಗಿದ್ದಾನೆ," ಎಂದು ನಗಿಸುತ್ತಿದ್ದವನು ಅವಳ ತಮ್ಮ. ಸೈಕಲ್ ಅಂಗಡಿಯವನು. ಊರೆಲ್ಲ ಅವನನ್ನು ಪಂಕ್ಚರ್ ಎಂದೇ ಕರೆಯುತ್ತಿತ್ತು, ಅಂಗಡಿಗೂ ಆ ಹೆಸರು ಸರಿ, ಅವನ ಅದೃಷ್ಟಕ್ಕೂ ಸರಿ. ಆರು ವರ್ಷದಿಂದ ಹೊಂಡದ ತಳ ಜಾಲಾಡಿದ್ದ. ಸಿಕ್ಕಿದ್ದು ಮುರಿದ ಕೊಂಡಿಗಳು, ಅರ್ಧ ಬೆನ್ನುಗಳು, ಒಮ್ಮೆ ಯಾರೋ ಹೂತಿಟ್ಟ ಹಳೇ ಬೂಟು. ನಗರದ ವಸ್ತುಸಂಗ್ರಹಾಲಯದ ಮೇಡಂ ಮೂರು ತಿಂಗಳಿಗೊಮ್ಮೆ ಬಂದು ಒಳ್ಳೆಯ ಏಡಿಗಳನ್ನು ಒಯ್ಯುತ್ತಿದ್ದರು. ಅಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಏಡಿಯ ಕೆಳಗೆ ಒಂದು ಚೀಟಿ, ಚೀಟಿಯಲ್ಲಿ ಹುಡುಕಿದವರ ಹೆಸರು. ಆ ಚೀಟಿಯಲ್ಲಿ ತನ್ನ ಹೆಸರನ್ನು ಒಂದೇ ಒಂದು ಸಲ ನೋಡಬೇಕೆಂಬುದು ತಮ್ಮನ ಹುಚ್ಚು. ಕಾವಲುಗಾರನಿಗೆ ಮಾತ್ರ ಎರಡು ತಿಂಗಳಿಂದ ಎಡಬಿಡದೆ ಇಡೀ ಏಡಿಗಳೇ ಸಿಗುತ್ತಿದ್ದವು, ಎರಡೂ ಕೊಂಡಿ ಇದ್ದವು, ಎಂಟೂ ಕಾಲು ಮಡಿಸಿಕೊಂಡು ಮಲಗಿದ ಹಾಗಿದ್ದವು. ಎಲ್ಲಿಂದ ಎಂದು ಹೆಂಡತಿ ಕೇಳಿದರೆ, "ಬಿದ್ದಿದ್ವು, ಆರಿಸ್ಕೊಂಡೆ," ಎನ್ನುತ್ತಿದ್ದ. ಅವಳು ತೊಳೆದಾಗ ಬೋಗುಣಿಯ ತಳದಲ್ಲಿ ಉಪ್ಪಿನಷ್ಟು ಸಣ್ಣ ಹಸಿರು ಕಣಗಳು ನಿಲ್ಲುತ್ತಿದ್ದವು. ಹಸಿರು ಜೇಡಿ ಇರುವುದು ಇಡೀ ಹೊಂಡದಲ್ಲಿ ಒಂದೇ ಕಡೆ, ಮೂಡಣ ಗೋಡೆಯ ಬುಡದಲ್ಲಿ, ಗೇಣಗಲದ ಒಂದು ಪಟ್ಟಿ.

ಸೂಜಿಯಕ್ಕನಿಗೆ ತಮ್ಮ ಬರೀ ತಮ್ಮನಲ್ಲ. ಅವ್ವ ಹೋದಾಗ ಅವನಿಗೆ ಒಂದೂವರೆ ವರ್ಷ, ಇವಳಿಗೆ ಹನ್ನೆರಡು. ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಆ ಶನಿವಾರ ಅವನು ಬಂದು ಬರಿಗೈಯನ್ನು ತೋರಿಸಿ, "ಕೈ ಕೆಸರಾದರೆ ಬಾಯಿ ಮೊಸರು ಅಂತಾರಲ್ಲಕ್ಕ, ನಂಗೆ ಬಾಯೂ ಕೆಸರೇ," ಎಂದು ನಕ್ಕಾಗ ಅವಳಿಗೆ ಕರುಳು ಚುರ್ರೆಂದಿತು. ಮೇಜಿನ ಕೆಳಗಿನ ಬೋಗುಣಿಯನ್ನು ಕಾಲಿನಿಂದ ಒಂದು ಮೊಳ ಈಚೆಗೆ ತಳ್ಳಿ, ಕುಡಿಯಲು ನೀರು ತರುತ್ತೇನೆಂದು ಒಳಗೆ ಹೋದಳು. ಬಾಗಿಲ ಸಂದಿನಿಂದ ನೋಡುತ್ತಲೂ ಇದ್ದಳು. ಅವನು ಬೆರಳು ಅದ್ದಿ, ಹೆಬ್ಬೆರಳಿಗೆ ತಿಕ್ಕಿ, ನಾಲಿಗೆಯ ತುದಿಗಿಟ್ಟು ಹಲ್ಲಿನಲ್ಲಿ ಕಡಿದ.

"ಮೂಡಣ ಗೋಡೆ," ಎಂದ.

"ನಾನೇನೂ ಹೇಳಿಲ್ಲಪ್ಪ," ಎಂದಳು ಅವಳು ಲೋಟ ಚಾಚುತ್ತ.

"ನೀನೆಲ್ಲಿ ಹೇಳ್ದೆ? ಬೋಗುಣಿ ಹೇಳ್ತು."

ಇಬ್ಬರೂ ನಕ್ಕರು. ಮಳೆ ಶುರುವಾಗುವ ಮೊದಲೇ ಅವನು ಹೊರಟ. ಬೆಳಗಿನವರೆಗೂ ಸುರಿಯಿತು.

ಭಾನುವಾರ ಹತ್ತು ಗಂಟೆಗೆ ತಮ್ಮನ ಹೆಂಡತಿ ಬಂದಳು. ಚಪ್ಪಲಿಯನ್ನೂ ಬಿಡದೆ ಒಳಗೆ ನುಗ್ಗಿದಳು. "ಅಕ್ಕ, ಐದಕ್ಕೆ ಎದ್ದು ಹೋದ್ರು. ಎಂಟಕ್ಕೆ ಬರ್ತೀನಿ ಅಂದಿದ್ರು. ಪಡುವಣ ಗೇಟಿನ ಹತ್ರ ಸೈಕಲ್ ಇದೆ, ಇವರಿಲ್ಲ. ಅಲ್ಲಿ ಗೋಡೆ ಕುಸಿದಿದೆ ಅಕ್ಕ."

ಹೋಗಿ ನೋಡಿದರೆ ಆಗಲೇ ಇಪ್ಪತ್ತು ಜನ ಸೇರಿದ್ದರು. ಪಡುವಣ ಗೋಡೆ ಮನೆಯಗಲದಷ್ಟು ಕೂತಿತ್ತು. ಸೂಜಿಯಕ್ಕನ ಗಂಡ ಮುಂದೆ ನಿಂತು, "ಇಲ್ಲೇ ಅಗೀರಿ, ಇಲ್ಲಿಂದ ಶುರು ಮಾಡಿ," ಎಂದು ಕೈ ತೋರಿಸುತ್ತಿದ್ದ. ಯಾರೋ, "ಆ ಕಡೆ ಗೋಡೇನೂ ಒಂದ್ಸಲ ನೋಡಿ ಬರ್ಲಾ?" ಎಂದರೆ, "ಅಲ್ಲೇನಿದೆ? ಅಲ್ಲಿಗ್ಯಾಕೆ ಹೋಗ್ತಾನೆ ಅವನು?" ಎಂದು ರೇಗಿದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಿತ್ತು ಆ ರೇಗುವಿಕೆ. ತಮ್ಮ ಎಲ್ಲಿಗೆ ಹೋಗಿದ್ದಾನೆಂದು ಆ ಇಪ್ಪತ್ತು ಜನರಲ್ಲಿ ಗೊತ್ತಿದ್ದವಳು ಸೂಜಿಯಕ್ಕ ಒಬ್ಬಳೇ. ಗಂಡನನ್ನು ತೋಳು ಹಿಡಿದು ಪಂಪಿನ ಶೆಡ್ಡಿನ ಹಿಂದಕ್ಕೆ ಎಳೆದುಕೊಂಡು ಹೋದಳು. ಅವನ ಕೈಗಡಿಯಾರ ಹನ್ನೊಂದು ತೋರಿಸುತ್ತಿತ್ತು.

"ರೀ, ಅವನು ಮೂಡಣ ಗೋಡೆಗೆ ಹೋಗಿದ್ದಾನೆ. ನಿನ್ನೆ ಬೋಗುಣಿ ನೋಡ್ದ. ನಾನೇ ನೋಡೋಕೆ ಬಿಟ್ಟೆ. ಅಲ್ಲೇನಿದೆ, ಹೇಳಿ."

ಅವನು ಶೆಡ್ಡಿನ ಮೂಲೆಯಿಂದ ಒಮ್ಮೆ ಇಣುಕಿ ನೋಡಿದ. ಆಮೇಲೆ ಬಾಯಿ ಬಿಟ್ಟ. ಗೋಡೆಯ ಬುಡದಲ್ಲಿ ಒಂದಾಳುದ್ದದ ಗೂಡು ಕೊರೆದಿದ್ದ, ಹೊಟ್ಟೆಯ ಮೇಲೆ ತೆವಳಿಕೊಂಡು ಹೋಗುವಷ್ಟು. ಬಾಯಿಗೆ ಎರಡು ಹಲಗೆಯ ಆಸರೆ. ಪ್ರತಿ ಸಲ ಹೊರಗೆ ಬಂದ ಮೇಲೆ ಒದ್ದೆ ಜೇಡಿ ಮೆತ್ತಿ, ಅಂಗೈಯಿಂದ ಸವರಿ, ಮಿಕ್ಕ ಗೋಡೆಯ ಹಾಗೇ ಕಾಣುವಂತೆ ಮುಚ್ಚಿಬಿಡುತ್ತಿದ್ದ. ಕಳ್ಳರನ್ನು ಕಾಯಬೇಕಾದವನು ಎರಡು ತಿಂಗಳು ತಾನೇ ಕದ್ದಿದ್ದ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ನಿನ್ನೆ ಮಳೆಗೆ ಅದರ ಬಾಯಿ ಸಡಿಲಾಗಿರುತ್ತೆ," ಎಂದ ತಗ್ಗಿದ ದನಿಯಲ್ಲಿ.

"ಹಾಗಾದ್ರೆ ಬನ್ನಿ, ಎಲ್ಲರಿಗೂ ಹೇಳೋಣ."

"ತಡಿ." ಅವಳ ಎರಡೂ ಕೈ ಹಿಡಿದುಕೊಂಡ. "ಆ ಹಲಗೆ ಕಂಪನಿಯವು. ನಾನೇ ಕೊರೆದಿದ್ದು ಅಂತ ಗೊತ್ತಾದ್ರೆ ಕೆಲಸ ಹೋಯ್ತು, ಮನೆ ಹೋಯ್ತು, ನಾನು ಜೈಲಿಗೆ ಹೋದೆ. ಒಂದು ಗಂಟೆ ಕೊಡು. ನಾನೊಬ್ಬನೇ ಹೋಗಿ ತೆಗೀತೀನಿ. ಆ ಗೂಡು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಕಾಲು ಹಿಡಿದು ಎಳೆದ್ರೆ ಬಂದುಬಿಡ್ತಾನೆ. ಅವನು ಅಲ್ಲಿ ಇಲ್ಲದೇನೂ ಇರಬಹುದು. ಒಂದೇ ಒಂದು ಗಂಟೆ ಕಣೇ."

ಅತ್ತ ದರಿ, ಇತ್ತ ಪುಲಿ. ಇಪ್ಪತ್ತು ಗುದ್ದಲಿಗಿಂತ ಒಂದು ಗುದ್ದಲಿ ಬೇಗ ಅಗೆಯುವುದಿಲ್ಲವೆಂದು ಎಳೆ ಮಗುವಿಗೂ ಗೊತ್ತು. ಅವಳಿಗೂ ಗೊತ್ತಿತ್ತು. ಆದರೂ ತಲೆಯಾಡಿಸಿದಳು. ಯಾಕೆ ಎಂದರೆ ಹೆದರಿಕೆ. ಗಂಡನ ಮೇಲಿನ ಪ್ರೀತಿ ಎಂದು ಹೇಳಿಬಿಡಬಹುದು, ಅದೂ ಒಂದು ಪಾಲು ಇತ್ತು. ಆದರೆ ದೊಡ್ಡ ಪಾಲು ಆ ಎರಡು ಕೋಣೆಯ ಮನೆ, ಆ ಕಿಟಕಿ, ಆ ಮೇಜು. ನಾಳೆ ಎಲ್ಲಿ ಮಲಗುವುದು ಎಂಬ ಯೋಚನೆ ತಮ್ಮನಿಗಿಂತ ಮೊದಲು ಬಂತು. ಅದು ಬಂದದ್ದು ಅವಳಿಗೆ ಆಗಲೇ ನಾಚಿಕೆಯೆನಿಸಿತು, ಆದರೂ ತಲೆಯಾಡಿಸಿದಳು.

ಗಂಡ ಮಡುವಿನ ಆಚೆಯ ಜೊಂಡಿನ ಮರೆಯಲ್ಲಿ ನಡೆದುಹೋದ. ಅವಳು ಬಂದು ತಮ್ಮನ ಹೆಂಡತಿಯ ಪಕ್ಕ ಕೂತಳು. ಎದುರಿಗೆ ಜನ ಗುದ್ದಲಿ ಎತ್ತಿ ಇಳಿಸುತ್ತಿದ್ದರು. ಜೇಡಿ ಅಗೆಯುವುದು ಮಣ್ಣು ಅಗೆದ ಹಾಗಲ್ಲ. ಗುದ್ದಲಿಗೆ ಅಂಟುತ್ತದೆ, ಬಿಡಿಸಿ ಬಿಡಿಸಿ ಅಗೆಯಬೇಕು. ಯಾರಿಗೂ ಮಾತಾಡಲು ಉಸಿರಿರಲಿಲ್ಲ. ಅವನಿಲ್ಲದ ಜಾಗವನ್ನು ಅಷ್ಟು ಜನ ಅಷ್ಟು ಶ್ರದ್ಧೆಯಿಂದ ಅಗೆಯುವುದನ್ನು ಅವಳು ನೋಡುತ್ತಿದ್ದಳು.

"ಅಕ್ಕ," ಎಂದಳು ತಮ್ಮನ ಹೆಂಡತಿ. "ನಿನ್ನೆ ನಿಮ್ಮನೆಗೆ ಬಂದಿದ್ರಲ್ಲ. ಎಲ್ಲಿಗೆ ಹೋಗ್ತೀನಿ ಅಂತ ಏನಾದ್ರೂ ಹೇಳಿದ್ರಾ?"

"ಇಲ್ಲಮ್ಮ," ಎಂದಳು ಸೂಜಿಯಕ್ಕ. "ಏನೂ ಹೇಳಲಿಲ್ಲ."

ಹುಡುಗಿ ನಂಬಿದಳು. ನಂಬಿ ಅವಳ ಹೆಗಲಿಗೆ ತಲೆಯಿಟ್ಟಳು.

ಹನ್ನೆರಡು ದಾಟಿದ ಮೇಲೆ ಗಂಡ ಬಂದ. ದೂರದಿಂದಲೇ ತಲೆ ಅಡ್ಡಡ್ಡ ಆಡಿಸಿದ. ಹತ್ತಿರ ಬಂದು, "ಅಲ್ಲಿ ಇಲ್ಲ," ಎಂದು ಪಿಸುಗುಟ್ಟಿದ. "ನಾನು ಮುಚ್ಚಿದ್ದು ಮುಚ್ಚಿದ ಹಾಗೇ ಇದೆ. ಯಾರೂ ಮುಟ್ಟಿಲ್ಲ. ನಿನ್ನಾಣೆ."

ಅವಳಿಗೆ ಜೀವ ಬಂದಂತಾಯಿತು. ಸತ್ಯದ ತಲೆಯ ಮೇಲೆ ಹೊಡೆದ ಹಾಗೆ ಹೇಳಿದ್ದ, ನಂಬಲು ಅವಳಿಗೂ ಮನಸ್ಸಿತ್ತು. ಹಾಗಾದರೆ ಪಡುವಣ ಗೋಡೆಯೇ ಸರಿ, ಅಥವಾ ಎಲ್ಲಿಯೂ ಅಲ್ಲ, ಯಾವುದೋ ಗೆಳೆಯನ ಮನೆಯಲ್ಲಿ ಹರಟುತ್ತ ಕೂತಿರಬೇಕು ಆ ಮುಠ್ಠಾಳ, ಬರಲಿ, ನಾಲ್ಕು ಬಾರಿಸುತ್ತೇನೆ ಎಂದುಕೊಂಡಳು. ಅಗೆಯುವವರಿಗೆ ಕುಡಿಯುವ ನೀರು ಬೇಕಾಗಿತ್ತು. ಕೊಡ ತರಲು ಮನೆಗೆ ಹೋದಳು.

ಕೊಡ ಇದ್ದದ್ದು ಹಿತ್ತಿಲಲ್ಲಿ. ಹಿತ್ತಿಲ ಸೌದೆಯ ರಾಶಿಯ ಹಿಂದೆ ಗೋಣಿಚೀಲ ಹೊದಿಸಿದ ಏನೋ ಉದ್ದಕ್ಕೆ ಬಿದ್ದಿತ್ತು. ಗೋಣಿ ಸರಿಸಿದಳು. ಎರಡು ಹಲಗೆ. ಹೊಸದಾಗಿ ಎಳೆದು ತಂದವು, ಇನ್ನೂ ನೀರು ಸೋರುತ್ತಿತ್ತು. ಮೈಯೆಲ್ಲ ಹಸಿರು ಜೇಡಿ. ಮುಚ್ಚಿದ್ದು ಮುಚ್ಚಿದ ಹಾಗೇ ಇದ್ದಿದ್ದರೆ ಒಳಗಿನ ಹಲಗೆ ಇಲ್ಲಿಗೆ ಬರುವುದು ಹೇಗೆ? ಒಂದು ಹಲಗೆಯ ತುದಿಗೆ ಅಂಟಿಕೊಂಡದ್ದನ್ನು ಬೆರಳಿನಿಂದ ಬಿಡಿಸಿ ನೋಡಿದಳು. ಸೈಕಲ್ ಟ್ಯೂಬಿನ ಒಂದು ಪಟ್ಟಿ. ತಮ್ಮ ಮೊಣಕಾಲಿಗೆ ಚಿಂದಿ ಕಟ್ಟಿಕೊಂಡು ಅದರ ಮೇಲೆ ಬಿಗಿಯುತ್ತಿದ್ದ ಪಟ್ಟಿ.

ಕೊಡ ಅಲ್ಲೇ ಉರುಳಿತು. ಓಡುತ್ತ ಹೊಂಡದ ಇಳಿಜಾರಿನಿಂದಲೇ ಕಿರುಚಿದಳು. "ಆ ಕಡೆ! ಮೂಡಣ ಗೋಡೆ! ಅಲ್ಲಿ ಗೂಡಿದೆ! ನನ್ನ ತಮ್ಮ ಅಲ್ಲಿದ್ದಾನೆ!" ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅವಳು ಕೂಗುತ್ತ ಮಡುವಿಗೇ ಇಳಿದು ಸೊಂಟದ ನೀರಿನಲ್ಲಿ ಅಡ್ಡ ಹಾಯುವುದನ್ನು ಕಂಡು ಎಲ್ಲರೂ ಹಿಂದೆ ಬಿದ್ದರು. ಗಂಡ ಮಾತ್ರ ನಿಂತಲ್ಲೇ ಕೂತ. ಆಗ ಒಂದು ಗಂಟೆ.

ಮೂಡಣ ಗೋಡೆಯ ಬುಡದಲ್ಲಿ ದೊಡ್ಡ ಕುಸಿತವೇನೂ ಇರಲಿಲ್ಲ. ಎರಡು ಗಾಡಿಯಷ್ಟು ಜೇಡಿ, ಅಷ್ಟೇ. ಹಲಗೆ ಎಳೆದಾಗ ಅದರಲ್ಲಿ ಅರ್ಧ ಹೊಸದಾಗಿ ಬಿದ್ದಿತ್ತು. ಅದರ ಮೇಲೆ ಅಂಗೈಯಿಂದ ಸವರಿದ ಗುರುತು, ಐದು ಬೆರಳೂ ಎಣಿಸುವಷ್ಟು ಸ್ಪಷ್ಟ. ಗುದ್ದಲಿ ಹಾಕಿದರೆ ಒಳಗಿರುವವನಿಗೆ ತಾಗೀತೆಂದು ಕೈಯಲ್ಲೇ ಬಗೆದರು. ಎರಡೂವರೆಗೆ ಒಂದು ಕಾಲು ಸಿಕ್ಕಿತು. ಎಳೆದಾಗ ಮೈ ಇನ್ನೂ ಬೆಚ್ಚಗಿತ್ತು. ಬೆಚ್ಚಗಿದೆ, ಬದುಕಿದ್ದಾನೆ ಎಂದು ಯಾರೋ ಕೂಗಿದರು. ಸೂಜಿಯಕ್ಕ ಅವನ ಮುಖವನ್ನು ಒಂದು ಸಲ ನೋಡಿದಳು. ಅವಳಿಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಹೊರಗೆ ಬಂದು ಕನ್ನಡಕ ತೆಗೆದರು. ಎಲುಬು ಯಾವುದೂ ಮುರಿದಿಲ್ಲ ಎಂದರು. ಮುಖದ ಮುಂದೆ ಒಂದಿಷ್ಟು ಟೊಳ್ಳು ಉಳಿದಿತ್ತು, ಅದರ ಗಾಳಿಯಲ್ಲಿ ಬದುಕಿದ್ದ. ಹೊರಗೆ ತೆಗೆದಾಗ ಜೀವ ಹೋಗಿ ಒಂದೆರಡು ಗಂಟೆಯಾಗಿರಬೇಕು, ಹೆಚ್ಚಲ್ಲ.

ಪೊಲೀಸಿನವರ ಪಕ್ಕ ನಿಂತಿದ್ದ ಗಂಡ ಆಗ ಗೋಡೆಗೆ ಹಣೆ ಚಚ್ಚಿಕೊಂಡು ಅಳತೊಡಗಿದ. "ನಾನು ಕೂಗಿದೆ ಸಾರ್. ಮೂರು ಸಲ ಕೂಗಿದೆ. ಹೆಸರು ಹಿಡಿದು ಕೂಗಿದೆ. ಒಂದು ಸದ್ದೂ ಬರಲಿಲ್ಲ. ಸತ್ತೇಹೋಗಿದ್ದಾನೆ ಅಂದ್ಕೊಂಡೆ. ಸತ್ತವನಿಗೋಸ್ಕರ ಬದುಕಿರೋರು ಯಾಕೆ ಹಾಳಾಗ್ಬೇಕು ಅನ್ನಿಸ್ತು. ಬದುಕಿದ್ರೆ ಓ ಅಂತಿದ್ದ ಅಲ್ವಾ? ಓ ಅಂತಿದ್ದ ಅಲ್ವಾ ಡಾಕ್ಟ್ರೇ?"

ಡಾಕ್ಟರು ಕನ್ನಡಕವನ್ನು ಮತ್ತೆ ಹಾಕಿಕೊಂಡರು. "ಎರಡು ಕಿವೀಲೂ ಜೇಡಿ ಮೆತ್ತಿಕೊಂಡಿತ್ತು," ಎಂದರು. "ನೀವು ಕೂಗಿದ್ದು ಅವರಿಗೆ ಕೇಳಿಸಿರೋಕೆ ಸಾಧ್ಯ ಇಲ್ಲ."

ಗಂಡನ ಅಳು ನಿಂತುಹೋಯಿತು. ಅವನನ್ನು ಇಬ್ಬರು ಪೊಲೀಸರು ಆಚೆಯ ಕೋಣೆಗೆ ಕರೆದುಕೊಂಡು ಹೋದರು.

ಉಳಿದ ಪೊಲೀಸಿನವನು ವಯಸ್ಸಾದವನು. ಉದ್ದನೆಯ ಬೆಂಚಿನ ಮೇಲೆ ಸೂಜಿಯಕ್ಕ, ಅವಳ ಪಕ್ಕಕ್ಕೆ ಒತ್ತಿಕೊಂಡು ತಮ್ಮನ ಹೆಂಡತಿ. ಹುಡುಗಿ ಅವಳ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಿದ್ದಳು. ಆ ಜೇಡಿ ಮೆತ್ತಿದ ಕೈಯನ್ನು ಆಸ್ಪತ್ರೆಗೆ ಬಂದಾಗಿನಿಂದ ಬಿಟ್ಟಿರಲಿಲ್ಲ. ಊರವರೆಲ್ಲ ಆಗಲೇ ಹೇಳತೊಡಗಿದ್ದರು, ಗಂಡನೆಂದೂ ನೋಡದೆ ಬಾಯಿ ಬಿಟ್ಟಳಲ್ಲ, ಹೆಂಗಸೆಂದರೆ ಹೀಗಿರಬೇಕು ಎಂದು.

"ನಿಮಗೆ ಗೊತ್ತಾಗಿದ್ದು ಹಲಗೆ ನೋಡಿದ ಮೇಲೆ, ಅಲ್ವೇನಮ್ಮ?" ಎಂದು ಪೊಲೀಸಿನವನು ಮೃದುವಾಗಿ ಕೇಳಿದ. ಕೇಳುತ್ತಲೇ ಬರೆದುಕೊಂಡ. "ಮಧ್ಯಾಹ್ನ ಒಂದು ಗಂಟೆ. ನೋಡಿದ ತಕ್ಷಣ ಓಡಿ ಬಂದು ಹೇಳಿದ್ರಿ. ಇಷ್ಟು ಸಾಕು. ಇಲ್ಲೊಂದು ಸಹಿ ಹಾಕಿ."

ಹಾಕಿಬಿಡಬಹುದಿತ್ತು. ಶೆಡ್ಡಿನ ಹಿಂದೆ ಆಡಿದ ಮಾತು ಗಂಡನಿಗೆ ಮತ್ತು ಅವಳಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ, ಗಂಡ ಅದನ್ನು ಹೇಳುವ ಸ್ಥಿತಿಯಲ್ಲಿರಲಿಲ್ಲ. ಅವಳು ಪೆನ್ನು ತೆಗೆದುಕೊಂಡಳು, ಕಾಗದವನ್ನು ನೋಡಿದಳು. ಪೆನ್ನನ್ನು ಕಾಗದದ ಮೇಲೆ ಅಡ್ಡ ಇಟ್ಟಳು.

"ಹನ್ನೊಂದಕ್ಕೆ ಗೊತ್ತಿತ್ತು," ಎಂದಳು.

"ಗಾಬರೀಲಿ ಏನೋ ಹೇಳ್ತಿದ್ದೀರಿ, ಬಿಡಿ."

"ಗಾಬರಿ ಇಲ್ಲ. ಹನ್ನೊಂದಕ್ಕೆ ನಂಗೆ ಗೊತ್ತಿತ್ತು. ಒಂದು ಗಂಟೆ ಕೊಡು ಅಂದ್ರು, ಕೊಟ್ಟೆ. ಬರ್ಕೊಳ್ಳಿ."

ಪಕ್ಕದಲ್ಲಿ ತಮ್ಮನ ಹೆಂಡತಿ ನಿಧಾನವಾಗಿ ತಲೆಯೆತ್ತಿದಳು. ಅವಳಿಗೆ ಪೂರ್ತಿ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು.

"ನಾನು ನಿಮ್ಮನ್ನ ಕೇಳಿದೆನಲ್ಲಕ್ಕ," ಎಂದಳು. "ಆಗ?"

"ಆಗಲೂ ಗೊತ್ತಿತ್ತು," ಎಂದಳು ಸೂಜಿಯಕ್ಕ.

ಹುಡುಗಿ ತನ್ನ ಕೈಗಳನ್ನು ಬಿಡಿಸಿಕೊಂಡಳು. ಎದ್ದು ಹೋಗಿ ಎದುರಿನ ಬೆಂಚಿನ ತುದಿಯಲ್ಲಿ ಕೂತಳು.